ವಾಕಿಂಗೋ, ಜಿಮ್ಮೋ? ರಕ್ತದ ಹೆಪ್ಪು ಕರಗಲು ಯಾವುದು ಒಳ್ಳೆಯದು?

ಪ್ರಶ್ನೆ: ನನಗೆ 52 ವರ್ಷ. ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆಗಿತ್ತು. ವ್ಯಾಯಾಮ ಮಾಡಿದರೆ ರಕ್ತದ ಹೆಪ್ಪು ಕರಗುತ್ತದೆ ಅನ್ನುತ್ತಾರೆ. ನಾನು ವಾಕಿಂಗ್ ಮಾಡಲೋ, ಜಿಮ್‌ಗೆ ಸೇರಲೋ?

ಉತ್ತರ: ಮೊದಲು ಬಿರುಸು ನಡಿಗೆ. ಜಿಮ್ ಆಮೇಲೆ.

ಹೆಪ್ಪು ಹಾಕಿದ ಹಾಲು ಮತ್ತೆ ಹಾಲಾಗುವುದಿಲ್ಲ, ಅಲ್ವಾ? ರಕ್ತ ಹಾಗಲ್ಲ. ಗಾಯವಾದರೆ ಫೈಬ್ರಿನ್ ಎಂಬ ಎಳೆಗಳು ಬಲೆ ಹೆಣೆದು ರಕ್ತ ನಿಲ್ಲಿಸುತ್ತವೆ. ಕೆಲಸ ಮುಗಿದ ಮೇಲೆ ಪ್ಲಾಸ್ಮಿನ್ ಎಂಬ ಕಿಣ್ವ ಬಂದು ಆ ಬಲೆಯನ್ನು ತುಂಡರಿಸುತ್ತದೆ. ಪ್ಲಾಸ್ಮಿನ್ನನ್ನು ಎಬ್ಬಿಸುವುದು ಟಿಪಿಎ ಎಂಬ ಇನ್ನೊಂದು ಕಿಣ್ವ. ಇದನ್ನು ರಕ್ತನಾಳದ ಒಳಪದರವೇ ಬಿಡುತ್ತದೆ. ಹೆಪ್ಪಿನಿಂದ ಸ್ಟ್ರೋಕ್ ಆದವರಿಗೆ ನಾಲ್ಕೂವರೆ ಗಂಟೆಯೊಳಗೆ ಕೊಡುವ ಆಲ್ಟೆಪ್ಲೇಸ್ ಇಂಜೆಕ್ಷನ್ ಕೂಡ ಟಿಪಿಎಯೇ. ಟಿಪಿಎಗೆ ಅಡ್ಡಗಾಲು ಹಾಕುವುದು ಪಿಎಐ-1 ಎಂಬ ಪ್ರೋಟೀನ್. ಹೊಟ್ಟೆಯ ಬೊಜ್ಜು ಜಾಸ್ತಿ ಇದ್ದವರಲ್ಲಿ ಇದೂ ಜಾಸ್ತಿ.

ಮೈ ಬಿಸಿಯಾಗುವಷ್ಟು ದುಡಿದರೆ ಟಿಪಿಎ ಏರುತ್ತದೆ. ಎಷ್ಟು ಬಿರುಸೋ ಅಷ್ಟು ಜಾಸ್ತಿ. ಬೇಟೆಯಲ್ಲಿ ಓಡಿ ಓಡಿ ಸತ್ತ ಪ್ರಾಣಿಯ ರಕ್ತ ಹೆಪ್ಪುಗಟ್ಟುವುದಿಲ್ಲ ಎಂದು ಲಂಡನ್ನಿನ ಸರ್ಜನ್ ಜಾನ್ ಹಂಟರ್ 18ನೇ ಶತಮಾನದಲ್ಲೇ ಬರೆದಿದ್ದರು.

ಹಾಗಾದರೆ ಏದುಸಿರು ಬಿಡುವಷ್ಟು ಓಡಿದರೆ ಇನ್ನೂ ಒಳ್ಳೆಯದಲ್ವಾ? ಇಲ್ಲೇ ಇರುವುದು ತೊಡಕು. ತುಂಬಾ ದಣಿದಾಗ ಹೆಪ್ಪುಗಟ್ಟಿಸುವ ಫ್ಯಾಕ್ಟರ್ 8 ಕೂಡ ಏರುತ್ತದೆ, ಪ್ಲೇಟ್‌ಲೆಟ್‌ಗಳೂ ಚುರುಕಾಗುತ್ತವೆ. ನಿಂತ ಮೇಲೆ ಟಿಪಿಎ ಬೇಗ ಇಳಿಯುತ್ತದೆ. ಸುಮಾರು 5 ನಿಮಿಷಕ್ಕೆ ರಕ್ತದಲ್ಲಿ ಅದು ಅರ್ಧದಷ್ಟಾಗುತ್ತದೆ. ಫ್ಯಾಕ್ಟರ್ 8 ಮಾತ್ರ ಗಂಟೆಗಟ್ಟಲೆ ಏರಿದ್ದೇ ಇರುತ್ತದೆ. ಕರಗಿಸುವವನು ಮನೆಗೆ ಹೋದ, ಕಟ್ಟುವವನು ಇನ್ನೂ ಕೆಲಸದಲ್ಲಿದ್ದಾನೆ! ವಾರವಿಡೀ ಕುರ್ಚಿ ಬಿಡದೆ ಕೂತು, ಭಾನುವಾರ ದಿಢೀರನೆ ಶಟಲ್ ಆಡಿ ದಣಿಯುವವರ ಬಗ್ಗೆ ನನಗೆ ಭಯ ಇರುವುದು ಇದಕ್ಕೇ.

ವಯಸ್ಸಾದಂತೆ ಟಿಪಿಎ ಬಿಡುವ ಶಕ್ತಿ ಕುಗ್ಗುತ್ತದೆ. ಸುಮ್ನೆ ಕೂತಿರುತ್ತಿದ್ದ, ನಡುವಯಸ್ಸು ದಾಟಿದ ಗಂಡಸರು 3 ತಿಂಗಳು ಬಿರುಸಾಗಿ ನಡೆದಾಗ ಆ ಶಕ್ತಿ ಮತ್ತೆ ಹೆಚ್ಚಿದ್ದು ಕಂಡುಬಂದಿದೆ. ನಡಿಗೆಗೆ ನನ್ನ ಓಟು ಅದಕ್ಕೇ.

ಜಿಮ್‌ನಲ್ಲಿ ಭಾರ ಎತ್ತಿದಾಗಲೂ ಟಿಪಿಎ ಏರುತ್ತದೆ. ಆದರೆ ತಿಂಗಳುಗಟ್ಟಲೆ ಎತ್ತಿದರೆ ಏನಾಗುತ್ತದೆ ಎಂಬುದರಲ್ಲಿ ಫಲಿತಾಂಶ ಒಂದೇ ಥರ ಬಂದಿಲ್ಲ. ಸ್ನಾಯುವಿಗೆ, ಸಕ್ಕರೆ ಹಿಡಿತಕ್ಕೆ ಅದು ಬೇಕು. ವಾರಕ್ಕೆ ಎರಡು ದಿನ ಸಾಕು, ಉಸಿರು ಬಿಗಿಹಿಡಿಯಬೇಡಿ. ಓಡಿ ನಿಂತು, ಮತ್ತೆ ಓಡುವ ಇಂಟರ್ವಲ್ ಟ್ರೈನಿಂಗ್ ನಡಿಗೆ ಚೆನ್ನಾಗಿ ರೂಢಿಯಾದ ಮೇಲೆ. ನಿಮ್ಮ ಮನೆತನ ನೋಡಿದರೆ ಅದಕ್ಕೂ ಮೊದಲು ಡಾಕ್ಟರನ್ನು ಕೇಳಿ.

ಪಿಎಐ-1 ಅತಿ ಹೆಚ್ಚಿರುವುದು ಬೆಳಗಿನ ಹೊತ್ತು. ಹಾಗಾಗಿ ಎದ್ದ ಕೂಡಲೇ ಓಡಬೇಡಿ. ಹತ್ತು ನಿಮಿಷ ನಿಧಾನ ನಡೆದು ವೇಗ ಹೆಚ್ಚಿಸಿ, ಮುಗಿಸುವಾಗಲೂ ನಿಧಾನವಾಗಿ ಇಳಿಸಿ.

ಇನ್ನೊಂದು ಮಾತು. ಒಂದು ಕಾಲು ಮಾತ್ರ ಊದಿಕೊಂಡು ಮೀನಖಂಡ ನೋಯುತ್ತಿದ್ದರೆ ಅಲ್ಲಿ ಹೆಪ್ಪುಗಟ್ಟಿರಬಹುದು, ನಡೆದು ಕರಗಿಸಲು ಹೋಗಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ.