‘ಪೆಟ್ಟು ಬೇಡ ಅನ್ನುವುದೆಲ್ಲ ಫಾರಿನ್ ಸಂಶೋಧನೆ, ನಮ್ಮ ಮಕ್ಕಳಿಗೆ ಯಾಕೆ?’

ಪ್ರಶ್ನೆ: ಮಕ್ಕಳಿಗೆ ಹೊಡೆಯಬಾರದು ಎಂದು ನೀವು ಪೋಷಕರ ಸಭೆಗಳಲ್ಲಿ ಹೇಳುತ್ತೀರಿ. ಹೊರದೇಶದ ಸಂಶೋಧನೆಗಳನ್ನು ಕನ್ನಡದಲ್ಲಿ ಬರೆದು ಹಂಚುತ್ತೀರಿ. ಅಲ್ಲಿನ ಮಕ್ಕಳೇ ಬೇರೆ, ಇಲ್ಲಿನ ಮಕ್ಕಳೇ ಬೇರೆ ಅಲ್ವಾ? ನಾವೆಲ್ಲ ಪೆಟ್ಟು ತಿಂದೇ ದೊಡ್ಡವರಾದದ್ದು. ನಮಗೇನಾಗಿದೆ? – ಸುರತ್ಕಲ್‌ನಿಂದ ಒಬ್ಬ ತಂದೆ

ಈ ಪ್ರಶ್ನೆಯನ್ನು ಕಾಪುವಿನಲ್ಲಿ ಕೇಳಿದ್ದಾರೆ, ಬ್ರಹ್ಮಾವರದಲ್ಲಿ ಕೇಳಿದ್ದಾರೆ, ಮಂಗಳೂರಿನ ದೊಡ್ಡ ಶಾಲೆಗಳ ಪೋಷಕರೂ ಕೇಳಿದ್ದಾರೆ. ಸಭೆಯಲ್ಲಿ ಎಲ್ಲರೂ ತಲೆಯಾಡಿಸುತ್ತಾರೆ. ಮುಗಿದು ಚಹಾ ಕುಡಿಯುವಾಗ ಯಾರಾದರೊಬ್ಬರು ಹತ್ತಿರ ಬಂದು ‘ಆದ್ರೂ ಮಾರಾಯ್ರೆ’ ಎಂದು ಶುರು ಮಾಡುತ್ತಾರೆ. ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ, ನಿಜ. ಹಾಗಾಗಿ ಈ ಸಲ ಪೂರ್ತಿಯಾಗಿ ಬರೆದುಬಿಡುತ್ತೇನೆ. ಮುಂದೆ ಕೇಳುವವರಿಗೆ ಇದನ್ನೇ ಕೊಡಬಹುದು.

ಶಾಲೆಯ ವಿಷಯವನ್ನು ಮೊದಲೇ ಮುಗಿಸೋಣ. ಅಲ್ಲಿ ಚರ್ಚೆಗೆ ಜಾಗವೇ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಅದರ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ‘ಎರಡು ಬಾರಿಸಿ ಸರ್, ನಮ್ಮದೇನೂ ಅಡ್ಡಿ ಇಲ್ಲ’ ಎಂದು ತಂದೆ ತಾಯಿ ಹೇಳಿದರೂ ಶಿಕ್ಷಕರಿಗೆ ಆ ಅಧಿಕಾರ ಬರುವುದಿಲ್ಲ. ಮನೆಯೊಳಗಿನ ಪೆಟ್ಟನ್ನು ಪೂರ್ತಿಯಾಗಿ ನಿಷೇಧಿಸುವ ಕಾನೂನು ಮಾತ್ರ ನಮ್ಮಲ್ಲಿ ಇನ್ನೂ ಇಲ್ಲ. ಸ್ವೀಡನ್ 1979ರಲ್ಲೇ ಮಾಡಿತು. ದಕ್ಷಿಣ ಏಷ್ಯಾದಲ್ಲಿ ಮೊದಲು ಮಾಡಿದ್ದು ನೇಪಾಳ, 2018ರಲ್ಲಿ. ನಮ್ಮ ಪಕ್ಕದ ನೇಪಾಳ.

ಈಗ ಆ ಹಠಮಾರಿ ನಂಬಿಕೆಗೆ ಬರೋಣ: ‘ಇದು ಬಿಳಿಯರು ತಮ್ಮ ಮಕ್ಕಳ ಮೇಲೆ ಮಾಡಿದ ಸಂಶೋಧನೆ.’

ಇದರಲ್ಲಿ ಸ್ವಲ್ಪ ಸತ್ಯ ಇದೆ. ಅದಕ್ಕೇ ಇದು ಸಾಯುವುದಿಲ್ಲ. 2021ರಲ್ಲಿ ಲ್ಯಾನ್ಸೆಟ್ ಎನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ದೊಡ್ಡ ಪರಿಶೀಲನೆ ಬಂತು. ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ 69 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ಅವುಗಳಲ್ಲಿ ಹೆಚ್ಚಿನವು ಅಮೆರಿಕದವೇ. ಹಾಗಾಗಿ ‘ನಮ್ಮಲ್ಲೂ ಹಾಗೇನಾ?’ ಎಂದು ಕೇಳುವುದು ತಪ್ಪಲ್ಲ. ಕೇಳಿ, ಉತ್ತರ ಹುಡುಕದೆ ಅಲ್ಲಿಗೇ ಬಿಟ್ಟುಬಿಡುವುದು ತಪ್ಪು. ಯಾಕೆಂದರೆ ಸಂಶೋಧಕರು ಈ ಪ್ರಶ್ನೆಯನ್ನು ನಮಗಿಂತ ಮೊದಲೇ ಕೇಳಿಕೊಂಡಿದ್ದಾರೆ.

ಜೆನಿಫರ್ ಲ್ಯಾನ್ಸ್‌ಫರ್ಡ್ ಮತ್ತು ಜೊತೆಗಾರರು 2005ರಲ್ಲಿ ಪ್ರಕಟಿಸಿದ ಅಧ್ಯಯನವನ್ನೇ ನೋಡಿ. ಅದರಲ್ಲಿದ್ದ ದೇಶಗಳು ಚೀನಾ, ಭಾರತ, ಇಟಲಿ, ಕೀನ್ಯಾ, ಫಿಲಿಪ್ಪೀನ್ಸ್ ಮತ್ತು ಥಾಯ್ಲೆಂಡ್. ಆರರಲ್ಲಿ ಅಮೆರಿಕ ಇಲ್ಲ, ಭಾರತ ಇದೆ. 336 ತಾಯಂದಿರು ಮತ್ತು ಅವರ ಮಕ್ಕಳನ್ನು ಮಾತಾಡಿಸಿದ್ದರು. ಅವರು ಹುಡುಕುತ್ತಿದ್ದದ್ದು ನೀವು ಕೇಳಿದ ವಿಷಯವನ್ನೇ. ಎಲ್ಲರ ಮನೆಯಲ್ಲೂ ಹೊಡೆಯುವ ಊರಿನಲ್ಲಿ ಮಗುವಿಗೆ ಪೆಟ್ಟು ಅಷ್ಟು ನಾಟುವುದಿಲ್ಲವೇ? ಸಿಕ್ಕ ಉತ್ತರವನ್ನು ಎರಡೂ ಕಡೆಯವರು ಗಮನವಿಟ್ಟು ಓದಬೇಕು. ಹೊಡೆಯುವುದು ಮಾಮೂಲಿ ಎನಿಸಿದ ಕಡೆ ಪೆಟ್ಟಿಗೂ ಮಗುವಿನ ತೊಂದರೆಗೂ ಇರುವ ನಂಟು ಸ್ವಲ್ಪ ಸಡಿಲವಾಗಿತ್ತು. ಆದರೆ ಕಡಿದುಹೋಗಿರಲಿಲ್ಲ. ಆರೂ ದೇಶಗಳಲ್ಲಿ ಪೆಟ್ಟು ಜಾಸ್ತಿ ಬೀಳುವ ಮಕ್ಕಳಲ್ಲಿ ಸಿಟ್ಟು, ಜಗಳ, ಆತಂಕ ಜಾಸ್ತಿ ಇತ್ತು. ‘ನಮ್ಮಲ್ಲಿ ಎಲ್ಲರೂ ಹೊಡೀತಾರೆ’ ಎನ್ನುವುದು ಹಾನಿಯನ್ನು ಒಂಚೂರು ತಗ್ಗಿಸಬಹುದು, ಅಷ್ಟೇ. ಲಾಭವಾಗಿ ಬದಲಾಯಿಸುವುದಿಲ್ಲ.

ಇನ್ನೂ ಹತ್ತಿರ ಬೇಕೇ? ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ನಡೆಸುವ ಯಂಗ್ ಲೈವ್ಸ್ ಎನ್ನುವ ಅಧ್ಯಯನ ನಾಲ್ಕು ದೇಶಗಳ ಸುಮಾರು 12,000 ಮಕ್ಕಳನ್ನು ಚಿಕ್ಕಂದಿನಿಂದ ಹಿಂಬಾಲಿಸಿತು. ಇಥಿಯೋಪಿಯಾ, ಪೆರು, ವಿಯೆಟ್ನಾಂ ಮತ್ತು ಭಾರತ. ಭಾರತದಲ್ಲಿ ಎಲ್ಲಿ? ಆಂಧ್ರ ಮತ್ತು ತೆಲಂಗಾಣದಲ್ಲಿ. ಅದರ ಆಧಾರದ ಮೇಲೆ 2015ರಲ್ಲಿ ಯುನಿಸೆಫ್ ಪ್ರಕಟಿಸಿದ ವರದಿಯಲ್ಲಿ ಎಂಟು ವರ್ಷದ ಮಕ್ಕಳ ಮಾತು ಇದೆ. ಹಿಂದಿನ ವಾರ ಶಾಲೆಯಲ್ಲಿ ಟೀಚರ್ ಯಾರಿಗಾದರೂ ಹೊಡೆದದ್ದನ್ನು ನೋಡಿದ್ದೇವೆ ಎಂದವರು ಪೆರು, ವಿಯೆಟ್ನಾಂನಲ್ಲಿ ಅರ್ಧಕ್ಕಿಂತ ಜಾಸ್ತಿ. ಇಥಿಯೋಪಿಯಾದಲ್ಲಿ ಮುಕ್ಕಾಲು ಭಾಗ. ನಮ್ಮ ಭಾರತದಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಕ್ಕಳು. ನಾಲ್ಕರಲ್ಲಿ ನಾವೇ ಮೊದಲು. ಈ ವರದಿಯ ಮುಂದೆ ನಿಂತು ಇದು ಯಾರದೋ ಮಕ್ಕಳ ಸಮಸ್ಯೆ ಎಂದರೆ ನಾನು ಏನು ಹೇಳಲಿ?

ನಮ್ಮದೇ ಸರಕಾರದ ಕೆಲಸವೂ ಇದೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಕೇಳಿ ವರದಿ ಹೊರತಂದಿತು. ಶಾಲೆಗೆ ಹೋಗುವ ಮಕ್ಕಳಲ್ಲಿ ಮೂವರಲ್ಲಿ ಇಬ್ಬರು ಪೆಟ್ಟು ತಿಂದಿದ್ದೇವೆ ಎಂದಿದ್ದರು. ಕರ್ನಾಟಕ ಆ ಪಟ್ಟಿಯಲ್ಲಿ ಇರಲಿಲ್ಲ. ಗೋವಾ ಇತ್ತು, ಕೇರಳ ಇತ್ತು. ಕೇರಳ ಗಡಿಯ ತಲಪಾಡಿ ಗೇಟು ದಾಟಿದ ಕೂಡಲೇ ಮಕ್ಕಳ ಮನಸ್ಸು ಬೇರೆಯಾಗುತ್ತದೆ ಎಂದು ವಾದಿಸಲು ನಾನು ತಯಾರಿಲ್ಲ.

ಇಲ್ಲಿಗೆ ಬಂದಾಗ ಕೆಲವರು ಇನ್ನೊಂದು ಮಾತು ಹೇಳುತ್ತಾರೆ, ಅದು ಬುದ್ಧಿವಂತಿಕೆಯ ಮಾತು. ತುಂಟ ಮಕ್ಕಳಿಗೇ ಪೆಟ್ಟು ಜಾಸ್ತಿ ಬೀಳುತ್ತದೆ, ಹಾಗಾಗಿ ಪೆಟ್ಟಿನಿಂದ ತುಂಟರಾದರು ಎನ್ನುವುದು ತಲೆಕೆಳಗಾದ ಲೆಕ್ಕ ಅಲ್ವಾ ಎಂದು. ಇಂಥ ಪ್ರಶ್ನೆ ಬಂದರೆ ನನಗೆ ನಿಜಕ್ಕೂ ಖುಷಿ. ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸುವುದು ಇದೇ ಕಾರಣಕ್ಕೆ. ಮೊದಲು ಮಗು ಹೇಗಿತ್ತು ಎಂದು ಅಳೆಯುತ್ತಾರೆ. ಪೆಟ್ಟು ಎಷ್ಟು ಬೀಳುತ್ತದೆ ಎಂದು ಬರೆದುಕೊಳ್ಳುತ್ತಾರೆ. ಕೆಲವು ವರ್ಷದ ನಂತರ ಮತ್ತೆ ಅಳೆಯುತ್ತಾರೆ. ಶುರುವಿನಲ್ಲಿ ಒಂದೇ ರೀತಿ ಇದ್ದ ಮಕ್ಕಳನ್ನು ಹೋಲಿಸಿದರೆ ಲೆಕ್ಕ ಸರಿಯಾಗಿ ಸಿಗುತ್ತದೆ. ಲ್ಯಾನ್ಸೆಟ್ ಪರಿಶೀಲನೆ ಕಂಡದ್ದು ಇದು: ಕಾಲ ಹೋದಂತೆ ಪೆಟ್ಟು ಬೀಳುವ ಮಕ್ಕಳ ನಡತೆಯ ತೊಂದರೆ ಹೆಚ್ಚಾಗುತ್ತದೆ. ಪೆಟ್ಟಿನಿಂದ ಕಾಲಕ್ರಮೇಣ ಒಳ್ಳೆಯದಾಯಿತು ಎನ್ನುವುದಕ್ಕೆ ಆಧಾರ ಸಿಗಲಿಲ್ಲ. ಹೊಡೆದವರು ಬಯಸಿದ್ದೇ ಆ ಒಳ್ಳೆಯದನ್ನು. ಅದೇ ಸಿಗಲಿಲ್ಲ.

‘ನಾನು ಜೋರಾಗಿ ಹೊಡೆಯುವುದಿಲ್ಲ, ಸುಮ್ನೆ ಎರಡು’ ಎನ್ನುವವರಿಗೂ ಉತ್ತರ ಇದೆ. ಎಲಿಜಬೆತ್ ಗರ್ಶಾಫ್ ಮತ್ತು ಆಂಡ್ರ್ಯೂ ಗ್ರೋಗನ್-ಕೇಲರ್ 2016ರಲ್ಲಿ 75 ಅಧ್ಯಯನಗಳನ್ನು, ಅಂದರೆ 1,60,000ಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿದರು. ಬೆತ್ತ, ಬೆಲ್ಟು, ಬರೆ ಹಾಕುವುದು ಇವನ್ನೆಲ್ಲ ಅವರು ಬದಿಗಿಟ್ಟಿದ್ದರು. ಬರಿಗೈಯಿಂದ ಹಿಂಭಾಗಕ್ಕೆ ಕೊಡುವ ಮಾಮೂಲಿ ಪೆಟ್ಟನ್ನು ಮಾತ್ರ ನೋಡಿದ್ದರು. ಅಲ್ಲೂ ನಂಟು ಕೆಟ್ಟದ್ದರ ಜೊತೆಗೇ ಇತ್ತು. ಆ ನಂಟು ದೈತ್ಯಾಕಾರದ್ದೇನಲ್ಲ, ಅದನ್ನೂ ಹೇಳಬೇಕು. ಪೆಟ್ಟು ತಿಂದ ಪ್ರತಿ ಮಗುವೂ ಹಾಳಾಗುತ್ತದೆ ಎಂದು ಯಾವ ಸಂಶೋಧಕರೂ ಹೇಳಿಲ್ಲ, ನಾನೂ ಹೇಳಿಲ್ಲ.

‘ನಮಗೇನಾಗಿದೆ?’ ಎನ್ನುವ ಮಾತಿಗೂ ಇಲ್ಲೇ ಉತ್ತರ ಸಿಗುತ್ತದೆ. ಜೂನ್, ಜುಲೈಯಲ್ಲಿ ಮಲ್ಪೆ ಬಂದರಿನಿಂದ ಟ್ರಾಲ್ ಬೋಟುಗಳು ಕಡಲಿಗಿಳಿಯುವಂತಿಲ್ಲ. ಹಿಂದಿನ ಕಾಲದಲ್ಲಿ ಅಬ್ಬರದ ಮಳೆಗಾಲದಲ್ಲೂ ಕಡಲಿಗೆ ಹೋಗಿ ಬಂದವರ ಕಥೆಗಳನ್ನು ನಾವು ಕೇಳಿದ್ದೇವೆ. ಕಥೆ ಹೇಳಿದವರು ಯಾರು? ವಾಪಸು ಬಂದವರು. ಪೋಷಕರ ಸಭೆಯಲ್ಲಿ ಎದ್ದು ನಿಂತು ‘ನಾನು ಪೆಟ್ಟು ತಿಂದೇ ಇಂಜಿನಿಯರ್ ಆದೆ’ ಎನ್ನುವವರೂ ಹಾಗೆಯೇ. ಪೆಟ್ಟಿಗೆ ಹೆದರಿ ಐದನೇ ಕ್ಲಾಸಿಗೇ ಶಾಲೆ ಬಿಟ್ಟ ಹುಡುಗ ಆ ಸಭೆಗೆ ಬಂದಿರುವುದಿಲ್ಲ. ಅವನಿಗೆ ಮೈಕ್ ಕೊಟ್ಟವರೂ ಇಲ್ಲ. ನೀವು ಚೆನ್ನಾಗಿ ಬೆಳೆದಿದ್ದರೆ ಅದಕ್ಕೆ ನಿಮ್ಮ ಅಮ್ಮನ ಅಕ್ಕರೆ, ಯಾರೋ ಒಬ್ಬ ಒಳ್ಳೆಯ ಟೀಚರ್, ಹೊಟ್ಟೆ ತುಂಬ ಊಟ, ನಿಮ್ಮ ಸ್ವಂತ ಶ್ರಮ ಕಾರಣ. ಆ ಹೆಗ್ಗಳಿಕೆಯನ್ನು ತೆಗೆದು ನಾಗರಬೆತ್ತಕ್ಕೆ ಯಾಕೆ ಕೊಡುತ್ತೀರಿ?

ಹಿರಿಯರು ‘ದಂಡಂ ದಶಗುಣಂ’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಆ ಶ್ಲೋಕವನ್ನು ಪೂರ್ತಿ ಓದಬೇಕು. ಕೋಲು ಯಾವುದಕ್ಕೆಲ್ಲ ಉಪಯೋಗ ಎಂದು ಅದರಲ್ಲೇ ಪಟ್ಟಿ ಇದೆ. ಹಕ್ಕಿ, ನಾಯಿ, ಶತ್ರು, ಹಾವು, ದನ ಇವನ್ನು ದೂರ ಇಡಲು. ಕೆಸರಿನಲ್ಲಿ, ನೀರಿನಲ್ಲಿ, ಕತ್ತಲಲ್ಲಿ ನಡೆಯಲು. ಕಣ್ಣು ಕಾಣದವರಿಗೆ, ಮುದುಕರಿಗೆ ಆಸರೆಗೆ. ಹತ್ತೂ ಆಯಿತು. ಮಕ್ಕಳು ಎಲ್ಲೂ ಇಲ್ಲ.

ನನಗೆ ಬೇಸರ ತರಿಸುವ ಸಂಗತಿ ಇನ್ನೊಂದಿದೆ. ಬೇರೆ ವಿಷಯದಲ್ಲಿ ನಾವು ಈ ‘ಫಾರಿನ್’ ಪ್ರಶ್ನೆ ಕೇಳುವುದೇ ಇಲ್ಲ. ತಿಂಗಳು ತುಂಬದೆ ಹುಟ್ಟಿದ ಮಗುವನ್ನು ತಾಯಿಯ ಎದೆಗೆ ಅಂಟಿಸಿ ಇಡುವ ಕಾಂಗರೂ ಆರೈಕೆ ಇವತ್ತು ನಮ್ಮ ಆಸ್ಪತ್ರೆಗಳಲ್ಲೂ ಇದೆ. ಅದು ಶುರುವಾದದ್ದು 1970ರ ದಶಕದ ಕೊನೆಯಲ್ಲಿ, ಕೊಲಂಬಿಯಾದ ಬೊಗೋಟಾ ನಗರದಲ್ಲಿ. ‘ಆ ದೇಶದ ಮಗುವೇ ಬೇರೆ’ ಎಂದು ಯಾವ ಅಜ್ಜಿಯೂ ತಡೆಯಲಿಲ್ಲ. ವಾಂತಿ ಭೇದಿಗೆ ಕೊಡುವ ಒಆರ್‌ಎಸ್ ನೀರು ಪ್ರಾಣ ಉಳಿಸುತ್ತದೆ ಎಂದು ಡಾ. ದಿಲೀಪ್ ಮಹಲನಾಬಿಸ್ ದೊಡ್ಡ ಮಟ್ಟದಲ್ಲಿ ತೋರಿಸಿದ್ದು 1971ರಲ್ಲಿ, ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ, ನಮ್ಮ ಬಂಗಾಳದ ಬೊಂಗಾಂವ್‌ನಲ್ಲಿ. ಅದನ್ನು ಇಡೀ ಪ್ರಪಂಚವೇ ತೆಗೆದುಕೊಂಡಿತು. ನಮ್ಮ ಅಭ್ಯಾಸವನ್ನು ಬದಲಿಸಿಕೊಳ್ಳಿ ಎಂದು ಹೇಳುವ ಸಂಶೋಧನೆ ಬಂದಾಗ ಮಾತ್ರ ನಮಗೆ ಅದರ ಪಾಸ್‌ಪೋರ್ಟ್ ನೆನಪಾಗುತ್ತದೆ.

ಹೊಡೆಯದೆ ಶಾಲೆ ನಡೆಸಲು ಸಾಧ್ಯವೇ ಎಂದು ಶಿಕ್ಷಕರು ಕೇಳಿದರೆ ನಾನು ಉಗಾಂಡದ ಲುವೆರೊ ಜಿಲ್ಲೆಯ ಹೆಸರು ಹೇಳುತ್ತೇನೆ. ಅಲ್ಲಿ 42 ಪ್ರಾಥಮಿಕ ಶಾಲೆಗಳಲ್ಲಿ ಪರೀಕ್ಷೆ ಮಾಡಿದರು. ಅರ್ಧ ಶಾಲೆಗಳಲ್ಲಿ ಶಿಕ್ಷಕರು, ಮಕ್ಕಳು, ಊರಿನವರು ಸೇರಿ ಶಾಲೆಯ ನಿಯಮಗಳನ್ನು ತಾವೇ ಕಟ್ಟಿಕೊಳ್ಳುವ ಕಾರ್ಯಕ್ರಮ 18 ತಿಂಗಳು ನಡೆಯಿತು. ಉಳಿದ ಶಾಲೆಗಳು ಇದ್ದ ಹಾಗೇ ಇದ್ದವು. 2015ರಲ್ಲಿ ಫಲಿತಾಂಶ ಬಂತು. ಹಿಂದಿನ ವಾರ ಸಿಬ್ಬಂದಿಯಿಂದ ಪೆಟ್ಟು ತಿಂದೆವು ಎಂದ ಮಕ್ಕಳು ಮಾಮೂಲಿ ಶಾಲೆಗಳಲ್ಲಿ ಶೇಕಡ 49ರಷ್ಟು, ಕಾರ್ಯಕ್ರಮ ನಡೆದ ಶಾಲೆಗಳಲ್ಲಿ ಶೇಕಡ 31. ಪೂರ್ತಿ ನಿಲ್ಲಲಿಲ್ಲ. ಆದರೆ ಕಿಕ್ಕಿರಿದ ತರಗತಿ, ಕಡಿಮೆ ದುಡ್ಡು, ಬೆತ್ತದ ಹಳೆ ಅಭ್ಯಾಸ ಎಲ್ಲ ಇದ್ದ ಕಡೆ ಇಷ್ಟು ಇಳಿಯಿತು ಎಂದರೆ ನಮ್ಮಲ್ಲಿ ಆಗುವುದಿಲ್ಲ ಎನ್ನಲು ಕಾರಣ ಉಳಿಯುವುದಿಲ್ಲ.

ನೀವು ಕೇಳದಿದ್ದರೂ ಒಂದು ವಿಷಯ ಹೇಳಲೇಬೇಕು. ಮಕ್ಕಳ ಹಕ್ಕಿನ ತಿಳಿವಳಿಕೆ ಯಾವಾಗಲೂ ಹೊರಗಿನಿಂದ ಇಲ್ಲಿಗೆ ಬರುತ್ತದೆ ಎಂದು ನಾವು ಅಂದುಕೊಂಡಿದ್ದೇವೆ. ಇಲ್ಲಿಂದ ಅಲ್ಲಿಗೆ ಹೋದದ್ದು ನಮಗೇ ಗೊತ್ತಿಲ್ಲ.

1996ರ ಕೊನೆಯಲ್ಲಿ ದುಡಿಯುವ ಮಕ್ಕಳ ಮೊದಲ ಅಂತರರಾಷ್ಟ್ರೀಯ ಸಭೆ ನಡೆಯಿತು. ಎಲ್ಲಿ? ನಮ್ಮ ಕುಂದಾಪುರದಲ್ಲಿ. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ಮೂವತ್ತಕ್ಕೂ ಹೆಚ್ಚು ದೇಶಗಳ ಮಕ್ಕಳು ಬಂದಿದ್ದರು. ಅವರು ಒಪ್ಪಿಕೊಂಡ ಹತ್ತು ಅಂಶಗಳನ್ನು ಇವತ್ತಿಗೂ ಕುಂದಾಪುರ ಘೋಷಣೆ ಎಂದೇ ಕರೆಯುತ್ತಾರೆ. ನಮ್ಮ ಮಾತು ಕೇಳಿ, ನಮ್ಮ ಸಂಘಟನೆಗಳನ್ನು ಗುರುತಿಸಿ, ನಮ್ಮ ಪರಿಸ್ಥಿತಿಗೆ ಹೊಂದುವ ಶಿಕ್ಷಣ ಕೊಡಿ ಎಂದು ಕೇಳಿದ್ದರು. ಮಕ್ಕಳು ತಯಾರಿಸಿದ ವಸ್ತುಗಳನ್ನು ಬಹಿಷ್ಕರಿಸಬೇಡಿ ಎಂದೂ ಹೇಳಿದ್ದರು. ಬಾಲಕಾರ್ಮಿಕ ಪದ್ಧತಿ ಪೂರ್ತಿ ನಿಲ್ಲಬೇಕು ಎನ್ನುವವರು ಇದರಲ್ಲಿ ಹಲವನ್ನು ಇಂದಿಗೂ ಒಪ್ಪುವುದಿಲ್ಲ. ಆ ಜಗಳ ಇರಲಿ. ಮಕ್ಕಳ ಹಕ್ಕಿನ ಬಗ್ಗೆ ಓದುವ ಹೊರದೇಶದವರಿಗೆ ಕುಂದಾಪುರದ ಹೆಸರು ಗೊತ್ತು, ಕುಂದಾಪುರದ ಪಕ್ಕದಲ್ಲೇ ಬೆಳೆದ ನಮ್ಮ ಮಕ್ಕಳಿಗೆ ಈ ಕಥೆ ಗೊತ್ತಿಲ್ಲ. ಇದು ನನಗೆ ನೋವಿನ ವಿಷಯ.

ಆ ತಾಲೂಕಿನ ಕೆರಾಡಿಯಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯತ್ ಇತ್ತು. ದುಡಿಯುವ ಮಕ್ಕಳ ಭೀಮ ಸಂಘ, ಅದರ ಬೆನ್ನಿಗಿದ್ದ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆ ಇದಕ್ಕೆ ದುಡಿದವು. ಮುಂದೆ ರಾಜ್ಯ ಸರಕಾರ ಎಲ್ಲ ಗ್ರಾಮ ಪಂಚಾಯತ್‌ಗಳಲ್ಲೂ ಮಕ್ಕಳ ಗ್ರಾಮಸಭೆ ನಡೆಸಬೇಕು ಎಂದು ಆದೇಶಿಸಿತು. ವಿಶ್ವಸಂಸ್ಥೆ 1989ರಲ್ಲಿ ಒಪ್ಪಿದ, ಭಾರತ 1992ರಲ್ಲಿ ಸೇರಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯೂ ಇದನ್ನೇ ಹೇಳುತ್ತದೆ: ಮಗುವಿಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಅಭಿಪ್ರಾಯ ಕೇಳಬೇಕು, ಅದಕ್ಕೆ ತೂಕ ಕೊಡಬೇಕು.

ಆದರೆ ಹಲವು ಕಡೆ ಮಕ್ಕಳ ಗ್ರಾಮಸಭೆ ಎಂದರೆ ಟೀಚರ್ ಬರೆದುಕೊಟ್ಟ ಚೀಟಿಯನ್ನು ಮಗು ಓದುವುದು, ಆಮೇಲೆ ತಿಂಡಿ. ಮಕ್ಕಳಿಗೆ ಮಾತಾಡಲು ಬಿಟ್ಟರೆ ಅವರು ಹೇಳುವುದೇ ಬೇರೆ. ಮಳೆಗಾಲದಲ್ಲಿ ಕಾಲುಸಂಕ ದಾಟಲು ಭಯ, ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ, ಬಸ್ಸಿನವರು ಪಾಸಿನ ಮಕ್ಕಳನ್ನು ಕಂಡರೆ ನಿಲ್ಲಿಸುವುದಿಲ್ಲ, ಮನೆಯಲ್ಲಿ ಪೆಟ್ಟು. ಕೊನೆಯದನ್ನು ಎಲ್ಲರೆದುರು ಹೇಳಲಾಗದ ಮಗುವಿಗೆ 1098 ಸಹಾಯವಾಣಿ ಇದೆ, ಆ ಸಂಖ್ಯೆಯನ್ನು ತರಗತಿಯ ಗೋಡೆಯ ಮೇಲೆ ಬರೆಸಿ.

ಸುರತ್ಕಲ್‌ನ ತಂದೆಯವರೇ, ನಿಮ್ಮ ಊರು ಪಾಲಿಕೆಗೆ ಸೇರಿದ್ದು, ಅಲ್ಲಿ ಗ್ರಾಮಸಭೆ ಇಲ್ಲ. ನಿಮ್ಮ ನೆಂಟರು ಯಾವುದಾದರೂ ಪಂಚಾಯತ್‌ನಲ್ಲಿ ಇದ್ದೇ ಇರುತ್ತಾರೆ. ಕಳೆದ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳು ಏನು ಕೇಳಿದರು, ಅದರಲ್ಲಿ ಎಷ್ಟು ಕೆಲಸ ಆಯಿತು ಎಂದು ಪಿಡಿಒ ಬಳಿ ವಿಚಾರಿಸಲು ಅವರಿಗೆ ಹೇಳಿ. ನಿಮ್ಮ ಮನೆಯಲ್ಲಿ ಪೆಟ್ಟಿನ ಬಗ್ಗೆ ಏನನ್ನಿಸುತ್ತದೆ ಎಂದು ನಿಮ್ಮ ಮಗುವನ್ನೇ ಕೇಳಿ. ಸಿಟ್ಟು ಇಳಿದಿರುವ ಹೊತ್ತಿನಲ್ಲಿ ಕೇಳಿ, ಮಧ್ಯೆ ಬಾಯಿ ಹಾಕಬೇಡಿ. ಅದು ಏನು ಹೇಳಿತು ಎಂದು ನನಗೆ ಬರೆಯಿರಿ.