ಅಡಿಕೆ ಮರ ಏರಿದ ಯಂತ್ರ ಇಳಿದದ್ದೆಲ್ಲಿ?

ಮಂಗಳೂರಿನ ಒಂದು ಪತ್ರಿಕೆಯ ಡೆಸ್ಕಿನಲ್ಲಿ ನಾನಿದ್ದ ವರ್ಷಗಳಲ್ಲಿ, ಮೇ ಕೊನೆಯ ವಾರ ಬಂತೆಂದರೆ ಎಂಜಿನಿಯರಿಂಗ್ ಕಾಲೇಜುಗಳ ಲಕೋಟೆಯನ್ನು ಒಡೆಯದೆಯೇ ಒಳಗೇನಿದೆ ಎಂದು ಹೇಳಬಹುದಿತ್ತು. ಒಂದು ಫೋಟೊ. ನಡುವೆ ಯಂತ್ರ, ಅದರ ಹಿಂದೆ ನಾಲ್ವರು ವಿದ್ಯಾರ್ಥಿಗಳು, ಅವರನ್ನು ಅರ್ಧ ಮರೆಮಾಡಿ ನಿಂತ ಆರು ಮಂದಿ ಅತಿಥಿಗಳು. ಜತೆಗೊಂದು ಪುಟದ ಪ್ರಕಟಣೆ: ‘ಅಡಿಕೆ ಮರ ಏರುವ ಯಂತ್ರ ಆವಿಷ್ಕಾರ, ಕೃಷಿಕರಿಗೆ ವರದಾನ’. ಮರುವರ್ಷ ಬೇರೆ ಕಾಲೇಜು, ಬೇರೆ ನಾಲ್ವರು, ಬೇರೆ ಯಂತ್ರ. ವರದಾನ ಮಾತ್ರ ಅದೇ.

ಒಮ್ಮೆ ಅಂಥದ್ದೊಂದನ್ನು ನಾನೇ ಹೋಗಿ ನೋಡಿ ಬರೆದೆ. ಕಾಲೇಜಿನ ಅಂಗಳದಲ್ಲಿ ದಪ್ಪದ ಪಿವಿಸಿ ಪೈಪೊಂದನ್ನು ನೆಟ್ಟಿದ್ದರು. ಯಂತ್ರ ಗುರ್ರೆಂದು ಅದನ್ನು ಹತ್ತಿತು, ಇಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಪೈಪು ಅಡಿಕೆ ಮರವಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ಸುದ್ದಿ ಮೂರು ಕಾಲಂ ಬಂತು. ಬೆಳಿಗ್ಗೆ ಎಂಟು ಗಂಟೆಗೆಲ್ಲ ವಿಟ್ಲ ಕಡೆಯ ಕೃಷಿಕರೊಬ್ಬರ ಫೋನ್.

“ಯಂತ್ರ ಎಲ್ಲಿ ಸಿಕ್ತದೆ ಮಾರ್ರೆ? ರೇಟ್ ಎಷ್ಟು?”

ಕಾಲೇಜಿನ ನಂಬರ್ ಕೊಟ್ಟೆ. ಹದಿನೈದು ದಿನ ಬಿಟ್ಟು ಮತ್ತೆ ಅವರೇ. “ಹುಡುಗರು ಪರೀಕ್ಷೆ ಮುಗಿಸಿ ಊರಿಗೆ ಹೋಗಿದ್ದಾರಂತೆ. ಅದು ಇರುವ ಕೋಣೆಗೆ ಬೀಗ ಉಂಟಂತೆ. ನೀವು ಯಂತ್ರ ಅಂತ ಬರ್ದಿದ್ದೀರಿ, ಅಲ್ಲಿ ಕೇಳಿದ್ರೆ ಅದು ಮಾಡೆಲ್ ಅಂತ ಹೇಳ್ತಾರೆ.”

ಕರಾವಳಿಯಲ್ಲಿ ಪತ್ರಿಕೆಗೂ ವಿದ್ಯಾಸಂಸ್ಥೆಗೂ ಹಳೆಯ ನೆರೆಹೊರೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಟದ್ದು ಬಾಸೆಲ್ ಮಿಶನ್ನಿನ ಕಲ್ಲಚ್ಚಿನಿಂದ. ಅದೇ ಮಿಶನ್ ಶಾಲೆಗಳನ್ನೂ ನಡೆಸುತ್ತಿತ್ತು. ಮಣಿಪಾಲದ ಗುಡ್ಡದಲ್ಲಿ 1957ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು, ಅದೇ ಗುಡ್ಡದಲ್ಲಿ 1970ರಲ್ಲಿ ‘ಉದಯವಾಣಿ’ ಹುಟ್ಟಿತು. ಸುರತ್ಕಲ್‌ನಲ್ಲಿ 1960ರಲ್ಲಿ ಶುರುವಾದ ಎಂಜಿನಿಯರಿಂಗ್ ಕಾಲೇಜು ಕೆಆರ್‌ಇಸಿ 2002ರಲ್ಲಿ ಎನ್‌ಐಟಿಕೆ ಆದರೂ ನಮ್ಮಲ್ಲಿ ಹಳಬರ ಬಾಯಲ್ಲಿ ಇನ್ನೂ ಕೆಆರ್‌ಇಸಿಯೇ. ಇಷ್ಟು ಹತ್ತಿರವಿದ್ದೂ ಪ್ರಯೋಗಾಲಯದ ಒಳಗಿನ ಸುದ್ದಿ ಯಾಕೆ ಗೇಟಿನ ಹತ್ತಿರದ ಸನ್ಮಾನದ ಸುದ್ದಿಯಾಗಿಯೇ ಹೊರಬರುತ್ತದೆ ಎಂಬ ಪ್ರಶ್ನೆ ಆ ಫೋನಿನ ನಂತರ ನನ್ನನ್ನು ಬಿಡಲಿಲ್ಲ.

ಮಾಡೆಲ್‌ಗೂ ಯಂತ್ರಕ್ಕೂ ನಡುವೆ ಎಷ್ಟು ದೂರ? ಅಮೆರಿಕದ ನಾಸಾ ಸಂಸ್ಥೆಯವರು 1970ರ ದಶಕದಲ್ಲಿ ಇದಕ್ಕೊಂದು ಅಳತೆಗೋಲು ಮಾಡಲು ಹೊರಟರು. ಮುಂದೆ ಅದು ಒಂಬತ್ತು ಮೆಟ್ಟಿಲುಗಳ ಏಣಿಯಾಯಿತು. ಮೊದಲ ಮೆಟ್ಟಿಲಿನಲ್ಲಿ ಕೈಯಲ್ಲಿರುವುದು ಬರೀ ತತ್ವ. ನಾಲ್ಕನೆಯದರಲ್ಲಿ ಬಿಡಿಭಾಗಗಳು ಲ್ಯಾಬಿನೊಳಗೆ ಒಟ್ಟಾಗಿ ಕೆಲಸ ಮಾಡುತ್ತವೆ. ಆರಕ್ಕೆ ಬರುವಾಗ ನಿಜದ ಪರಿಸರವನ್ನು ಹೋಲುವ ಕಡೆ ಮಾದರಿ ಓಡಬೇಕು. ಒಂಬತ್ತನೆಯದು ನಿಜದ ಕೆಲಸದಲ್ಲಿ, ನಿಜದ ಜನರ ಕೈಯಲ್ಲಿ ಪಾಸಾದದ್ದು. ಪಿವಿಸಿ ಪೈಪು ಹತ್ತಿದ ನಮ್ಮ ಯಂತ್ರ ನಾಲ್ಕನೆಯ ಮೆಟ್ಟಿಲಿನಲ್ಲಿತ್ತು, ನನ್ನ ತಲೆಬರಹ ಒಂಬತ್ತರಲ್ಲಿ. ನಾಲ್ಕು ವರ್ಷ ಓದಿದ ಹುಡುಗರು ನಾಲ್ಕನೆಯ ಮೆಟ್ಟಿಲು ಮುಟ್ಟುವುದು ಸಣ್ಣ ಮಾತಲ್ಲ. ಅದನ್ನು ಹಾಗೆಯೇ ಬರೆದಿದ್ದರೆ ಅವರ ಮರ್ಯಾದೆಯೂ ಉಳಿಯುತ್ತಿತ್ತು, ಆ ಕೃಷಿಕರ ಬಸ್ ಚಾರ್ಜೂ ಉಳಿಯುತ್ತಿತ್ತು.

ಪೈಪಿಗೂ ಮರಕ್ಕೂ ಇರುವ ವ್ಯತ್ಯಾಸ ಸ್ವಾರಸ್ಯದ್ದು. ಮರ ಹತ್ತುವ ಯಂತ್ರ ನಿಲ್ಲುವುದು ಘರ್ಷಣೆಯ ಬಲದಲ್ಲಿ. ಚಕ್ರಗಳು ಕಾಂಡವನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುತ್ತವೆ; ಆ ಅದುಮಿನ ಒಂದು ಪಾಲು ಮಾತ್ರ ಯಂತ್ರವನ್ನು ಮೇಲೆ ಹಿಡಿದಿಡುವ ಬಲವಾಗುತ್ತದೆ. ಎಷ್ಟು ಪಾಲು ಎಂಬುದನ್ನು ಹೇಳುವ ಸಂಖ್ಯೆಯೇ ಘರ್ಷಣಾಂಕ. ಯಂತ್ರದ ತೂಕ 12 ಕಿಲೊ, ಒಣ ಮರದಲ್ಲಿ ಘರ್ಷಣಾಂಕ 0.6 ಎಂದು ಇಟ್ಟುಕೊಳ್ಳಿ. ಆಗ ಒಟ್ಟು 20 ಕಿಲೊ ಭಾರದಷ್ಟು ಅದುಮಿದರೆ ಯಂತ್ರ ಜಾರದು. ಮಳೆ ಬಂದು, ಪಾಚಿ ಹಿಡಿದು ಘರ್ಷಣಾಂಕ 0.3ಕ್ಕೆ ಇಳಿಯಿತೆನ್ನಿ, ಈಗ 40 ಕಿಲೊ ಬೇಕು. ಅಷ್ಟು ಅದುಮಲು ಗಟ್ಟಿ ಸ್ಪ್ರಿಂಗ್ ಬೇಕು, ಆ ಸ್ಪ್ರಿಂಗ್ ತಡೆಯಲು ದಪ್ಪ ಚೌಕಟ್ಟು ಬೇಕು, ಚೌಕಟ್ಟನ್ನು ಎತ್ತಲು ದೊಡ್ಡ ಮೋಟಾರು, ಮೋಟಾರಿಗೆ ದೊಡ್ಡ ಬ್ಯಾಟರಿ. ತೂಕ ಏರಿತು, ಲೆಕ್ಕ ಮತ್ತೆ ಮೊದಲಿನಿಂದ ಶುರು. ಸಾಲದ್ದಕ್ಕೆ ಅಡಿಕೆ ಮರ ಪೈಪಿನಂತೆ ಒಂದೇ ಗಾತ್ರದ್ದಲ್ಲ, ಮೇಲೆ ಹೋದಂತೆ ಸಪುರ. ಗೆಣ್ಣುಗಳ ಉಂಗುರ ಬೇರೆ. ಕೊಳೆರೋಗಕ್ಕೆ ಮದ್ದು ಬಿಡಬೇಕಾದದ್ದು ಇದೇ ಮಳೆಗಾಲದಲ್ಲಿ ಎಂಬುದು ತೋಟ ಇದ್ದವರಿಗೆಲ್ಲ ಗೊತ್ತು. ಯಂತ್ರ ಹೆಚ್ಚು ಬೇಕಾಗುವ ದಿನವೇ ಅದು ಹೆಚ್ಚು ಜಾರುವ ದಿನ.

ತಮಾಷೆಯೆಂದರೆ, ಮರ ಏರುವ ಸಮಸ್ಯೆಯನ್ನು ಎಷ್ಟೋ ತೋಟಗಳಲ್ಲಿ ಬಿಡಿಸಿದ್ದು ಮರವನ್ನೇ ಏರದ ಒಂದು ವಸ್ತು: ಕಾರ್ಬನ್ ಫೈಬರ್ ದೋಟಿ, ಅಂದರೆ ಗೊನೆ ಕೊಯ್ಯುವ ಉದ್ದನೆಯ ಕೋಲು. ನೆಲದಲ್ಲಿ ನಿಂತೇ ಗೊನೆ ಕೊಯ್ಯಬಹುದು, ಮದ್ದೂ ಬಿಡಬಹುದು. ದೋಟಿ ಹೊಸದಲ್ಲ, ಬಿದಿರಿನದ್ದು ಅಜ್ಜಂದಿರ ಕಾಲದಿಂದಲೂ ಉಂಟು. ಹೊಸತು ಅದರ ಉದ್ದ. ಓರೆಯಾಗಿ ಹಿಡಿದ ಕೋಲು ತನ್ನದೇ ಭಾರಕ್ಕೆ ಬಾಗುವುದು ಉದ್ದದ ನಾಲ್ಕನೇ ಘಾತದಂತೆ. ಅಂದರೆ ದಪ್ಪವನ್ನು ಹಾಗೆಯೇ ಇಟ್ಟು ಕೋಲಿನ ಉದ್ದವನ್ನು ಇಮ್ಮಡಿ ಮಾಡಿದರೆ ಬಾಗು ಎರಡು ಪಟ್ಟಲ್ಲ, ಹದಿನಾರು ಪಟ್ಟು. ಮೂವತ್ತು ಅಡಿಯ ಕೋಲಿನಲ್ಲಿ ಚೆನ್ನಾಗಿ ಕೊಯ್ಯುವವರು ಅರವತ್ತು ಅಡಿಯದ್ದನ್ನು ಹಿಡಿದು ತತ್ತರಿಸುವುದಕ್ಕೆ ಕಾರಣ ಇದೇ. ಇದಕ್ಕೆ ಬೇಕಾದದ್ದು ಹಗುರವೂ ಬಿರುಸೂ ಆದ ವಸ್ತು. ಕಾರ್ಬನ್ ಫೈಬರ್ ಅಲ್ಯುಮಿನಿಯಂಗಿಂತ ಸುಮಾರು ಶೇ 40ರಷ್ಟು ಹಗುರ, ನೂಲುಗಳನ್ನು ಸರಿಯಾದ ದಿಕ್ಕಿಗೆ ಜೋಡಿಸಿದರೆ ಬಿರುಸಿನಲ್ಲೂ ಅದನ್ನು ಮೀರಿಸುತ್ತದೆ. ವಿಮಾನದ ರೆಕ್ಕೆಗೆ ಹೋಗುವ ವಸ್ತು ವಿಟ್ಲದ ತೋಟಕ್ಕೆ ಬಂದದ್ದು ಈ ಗಣಿತದ ದಾರಿಯಲ್ಲಿ. ಆದರೆ ಕೋಲಿನ ಹಿಂದೆ ನಿಂತರೆ ಫೋಟೊ ಚೆನ್ನಾಗಿ ಬರುವುದಿಲ್ಲ.

ಏರುವ ಯಂತ್ರ ಸಾಧ್ಯವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಬಂಟ್ವಾಳ ತಾಲೂಕಿನ ಸಜಿಪಮೂಡದ ಕೃಷಿಕರೊಬ್ಬರು ಮಾಡಿದ, ಕೂತು ಏರುವ ಸ್ಕೂಟರಿನ ವಿಡಿಯೊ 2019ರಲ್ಲಿ ದೇಶವೆಲ್ಲ ಹರಿದಾಡಿತಲ್ಲ. ಅದನ್ನು ಮಾಡಿದವರ ಬಳಿ ತೋಟ ಇತ್ತು, ಹಾಗಾಗಿ ಪರೀಕ್ಷೆಗೆ ಪೈಪು ನೆಡಬೇಕಾಗಿರಲಿಲ್ಲ. ಪುತ್ತೂರಿನಿಂದ 1988ರಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ ಇಂಥ ತೋಟದ ಸಂಶೋಧಕರನ್ನು ಊರು, ಫೋನ್ ನಂಬರ್ ಸಮೇತ ಪರಿಚಯಿಸುತ್ತಾ ಬಂದಿದೆ. ಬರೆಯುವವರಲ್ಲಿ ಕೃಷಿಕರೇ ಹಲವರು. ಓದಿದವರು ಮರುದಿನವೇ ಫೋನ್ ಮಾಡುತ್ತಾರೆ ಎಂದು ಗೊತ್ತಿದ್ದಾಗ ವರದಾನ ಎಂಬ ಪದ ಅಷ್ಟು ಸಲೀಸಾಗಿ ಪೆನ್ನಿಗೆ ಬರುವುದಿಲ್ಲ.

ಉತ್ಪ್ರೇಕ್ಷೆ ಹುಟ್ಟುವುದು ಎಲ್ಲಿ? ವಿಜ್ಞಾನಿಗಳು ಪತ್ರಕರ್ತರ ಕಡೆ ಬೆರಳು ತೋರಿಸುವುದು ರೂಢಿ. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ತಂಡ 2014ರಲ್ಲಿ ಇದನ್ನು ಲೆಕ್ಕ ಹಾಕಿಯೇ ನೋಡಿತು. ಅಲ್ಲಿನ 20 ಪ್ರಮುಖ ವಿಶ್ವವಿದ್ಯಾಲಯಗಳು 2011ರಲ್ಲಿ ಆರೋಗ್ಯ ಸಂಶೋಧನೆಯ ಬಗ್ಗೆ ಹೊರಡಿಸಿದ 462 ಪತ್ರಿಕಾ ಪ್ರಕಟಣೆಗಳನ್ನು ಮೂಲ ಪ್ರಬಂಧಗಳ ಜತೆಗೂ, ಅವುಗಳಿಂದ ಬಂದ 668 ಸುದ್ದಿಗಳ ಜತೆಗೂ ಹೋಲಿಸಿದರು. ಪ್ರಾಣಿಗಳ ಮೇಲೆ ನಡೆದ ಪ್ರಯೋಗವನ್ನು ಮನುಷ್ಯರಿಗೇ ಅನ್ವಯಿಸಿದಂತೆ ಹೇಳುವ ತಪ್ಪು, ಅಂಥ ಪ್ರಯೋಗಗಳ ಬಗೆಗಿನ ಪ್ರಕಟಣೆಗಳಲ್ಲಿ ಶೇ 36ರಷ್ಟರಲ್ಲೇ ಇತ್ತು. ಪ್ರಕಟಣೆಯಲ್ಲಿ ಆ ತಪ್ಪಿದ್ದಲ್ಲಿ ಶೇ 86ರಷ್ಟು ಸುದ್ದಿಗಳಲ್ಲಿ ಅದು ಮುಂದುವರಿದಿತ್ತು. ಪ್ರಕಟಣೆ ಎಚ್ಚರದಿಂದ ಬರೆದದ್ದಾಗಿದ್ದರೆ ಶೇ 10ರಷ್ಟರಲ್ಲಿ ಮಾತ್ರ. ಅಂದರೆ ಉಪ್ಪು ಹೆಚ್ಚಾದದ್ದು ಬಹುಪಾಲು ಅಡುಗೆಮನೆಯಲ್ಲೇ, ಬಡಿಸುವಾಗ ಅಲ್ಲ. ರುಚಿ ನೋಡದೆ ಬಡಿಸಿದ ತಪ್ಪು ನಮ್ಮದು, ಅದನ್ನು ಒಪ್ಪಿಕೊಳ್ಳಲೇಬೇಕು.

ಅಡುಗೆಮನೆಗೂ ಒತ್ತಡ ಉಂಟು. ಕೇಂದ್ರ ಶಿಕ್ಷಣ ಸಚಿವಾಲಯ ಕೊಡುವ ಕಾಲೇಜುಗಳ ಎನ್‌ಐಆರ್‌ಎಫ್ ರ‍್ಯಾಂಕಿಂಗ್ 2016ರಿಂದ ಬರುತ್ತಿದೆ. ಎಂಜಿನಿಯರಿಂಗ್ ವಿಭಾಗದಲ್ಲಿ ನೂರಕ್ಕೆ ಹತ್ತು ಅಂಕ ‘ಜನರ ಕಣ್ಣಿನಲ್ಲಿ ನೀವು ಹೇಗಿದ್ದೀರಿ’ ಎಂಬುದಕ್ಕೇ ಮೀಸಲು. ಪ್ರಾಜೆಕ್ಟ್ ಪ್ರದರ್ಶನದ ಕಾಲವೂ ಸಿಇಟಿ ಸೀಟಿನ ಚಿಂತೆಯಲ್ಲಿ ತಂದೆ-ತಾಯಂದಿರು ಪೇಪರ್ ತಿರುವುವ ಕಾಲವೂ ಹೆಚ್ಚುಕಡಿಮೆ ಒಂದೇ. ಅದೇ ವಾರ ಅದೇ ಕಾಲೇಜಿನ ಅರ್ಧ ಪುಟದ ಜಾಹೀರಾತೂ ಬಂದಿರುತ್ತದೆ. ಆಗ ‘ಮರ ಒದ್ದೆಯಾದರೆ ಏರುತ್ತದಾ?’ ಎಂದು ಕೇಳುವ ಉಪಸಂಪಾದಕನನ್ನು ಯಾರೂ ಗದರುವುದಿಲ್ಲ; ಅವನೇ ಕೇಳುವುದಿಲ್ಲ.

ಪೇಟೆಂಟಿನ ಸುದ್ದಿಯಲ್ಲಿ ಈ ಎಡವಟ್ಟು ಇನ್ನೂ ಜಾಸ್ತಿ. ‘ಪ್ರಾಧ್ಯಾಪಕರಿಗೆ ಪೇಟೆಂಟ್’ ಎಂಬ ಮೂರು ಸುದ್ದಿಗಳು ಮೂರು ಬೇರೆ ಬೇರೆ ಸಂಗತಿಗಳಾಗಿರಬಹುದು. ಅರ್ಜಿ ಹಾಕುವುದು ಮೊದಲ ಹಂತ. ಅದನ್ನು ಯಾರೂ ಹಾಕಬಹುದು. ಅರ್ಜಿ ಕೊಟ್ಟ 18 ತಿಂಗಳಿಗೆ ಅದು ಪೇಟೆಂಟ್ ಕಚೇರಿಯ ಜರ್ನಲ್ಲಿನಲ್ಲಿ ತಾನಾಗಿ ಪ್ರಕಟವಾಗುತ್ತದೆ, ಶುಲ್ಕ ಕಟ್ಟಿದರೆ ಬೇಗ. ಪ್ರಕಟವಾಯಿತು ಎಂದರೆ ಅರ್ಜಿ ಬಂದಿದೆ ಎಂದಷ್ಟೇ ಅರ್ಥ, ಅದರೊಳಗಿನ ವಿಚಾರ ಹೊಸದೋ ಹಳತೋ ಎಂದು ಇನ್ನೂ ಯಾರೂ ತೀರ್ಪು ಕೊಟ್ಟಿಲ್ಲ. ಪರೀಕ್ಷಕರು ಓದಿ, ಆಕ್ಷೇಪ ಎತ್ತಿ, ಉತ್ತರ ಪಡೆದು, ಒಪ್ಪಿದ ಮೇಲೆಯೇ ಮಂಜೂರು. ಅಲ್ಲಿಗೆ ಅರ್ಜಿಯ ದಿನದಿಂದ 20 ವರ್ಷದ ಹಕ್ಕು. ಇನ್ನು ವಿನ್ಯಾಸ ನೋಂದಣಿ ಎಂಬುದು ಬೇರೆಯೇ ಕಾಯ್ದೆಯದ್ದು; ಅದು ವಸ್ತುವಿನ ಆಕಾರಕ್ಕೆ ಸಿಗುವ ರಕ್ಷಣೆ, ಅದು ಕೆಲಸ ಮಾಡುತ್ತದೆಯೇ ಎಂದು ಯಾರೂ ನೋಡುವುದಿಲ್ಲ. 2021ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಪೇಟೆಂಟ್ ಶುಲ್ಕದಲ್ಲಿ ಶೇ 80ರ ರಿಯಾಯಿತಿಯೂ ಬಂತು. ಹಾಗಾಗಿ ಸುದ್ದಿ ಓದುವಾಗ ನಾನು ಹುಡುಕುವುದು ಒಂದೇ ಕ್ರಿಯಾಪದ: ‘ಮಂಜೂರಾಗಿದೆ’ ಎಂದಿದೆಯೋ, ‘ಪ್ರಕಟವಾಗಿದೆ’ ಎಂದಿದೆಯೋ. ‘ಲಭಿಸಿದೆ’ ಎಂದಿದ್ದರೆ ಬರೆದವರಿಗೂ ಗೊತ್ತಿಲ್ಲ ಎಂದೇ ತಿಳಿಯುತ್ತೇನೆ.

‘ವಿಶ್ವದ ಶೇ 2ರ ವಿಜ್ಞಾನಿಗಳ ಪಟ್ಟಿಯಲ್ಲಿ ನಮ್ಮೂರವರು’ ಎಂಬುದೂ ವರ್ಷಕ್ಕೊಮ್ಮೆ ಬರುವ ಸುದ್ದಿ. ಅದು ಸ್ಟ್ಯಾನ್‌ಫರ್ಡ್‌ನ ಪ್ರಾಧ್ಯಾಪಕ ಜಾನ್ ಅಯೋನಿಡಿಸ್ ಮತ್ತು ಜತೆಗಾರರು ಸ್ಕೋಪಸ್ ಎಂಬ ಸಂಶೋಧನಾ ಪ್ರಬಂಧಗಳ ಕೋಶದ ದತ್ತಾಂಶದಿಂದ, ಯಾರ ಪ್ರಬಂಧವನ್ನು ಎಷ್ಟು ಜನ ಉಲ್ಲೇಖಿಸಿದರು ಎಂಬ ಲೆಕ್ಕದ ಮೇಲೆ ಮಾಡುವ ಪಟ್ಟಿ. ಇಡೀ ವೃತ್ತಿಜೀವನದ್ದು ಒಂದು, ಒಂದೇ ವರ್ಷದ್ದು ಇನ್ನೊಂದು. ಪ್ರಶಸ್ತಿ ಎರಡೂ ಅಲ್ಲ. ಸನ್ಮಾನಕ್ಕೆ ಶಾಲು ತರುವ ಮುಂಚೆ ಯಾವ ಪಟ್ಟಿ ಎಂದು ಕೇಳಿದರೆ ಸಾಕು.

ಇದೆಲ್ಲದರ ನಡುವೆ ಸುದ್ದಿಯೇ ಆಗದ ಸಂಶೋಧನೆಯೂ ಉಂಟು. ಸುರತ್ಕಲ್‌ನಲ್ಲಿ ಎನ್‌ಐಟಿಕೆಯವರು ಕಡಲಿನ ಅಲೆ, ತಡೆಗೋಡೆ, ಮರಳಿನ ಚಲನೆಯನ್ನು ದಶಕಗಳಿಂದ ಓದುತ್ತಾ ಬಂದಿದ್ದಾರೆ. ಓರೆಯಾಗಿ ಬಡಿಯುವ ಅಲೆ ದಡದ ಉದ್ದಕ್ಕೂ ಮರಳನ್ನು ಸಾಗಿಸುತ್ತಿರುತ್ತದೆ. ನಡುವೆ ಎಲ್ಲಾದರೂ ಕಲ್ಲಿನ ಗೋಡೆ ಚಾಚಿದರೆ ಒಂದು ಬದಿಯಲ್ಲಿ ಮರಳು ತುಂಬಿ, ಇನ್ನೊಂದು ಬದಿಯ ದಡ ಮರಳಿಲ್ಲದೆ ಸವೆಯುತ್ತದೆ. ಇದು ನಿಧಾನದ ಲೆಕ್ಕ. ಪತ್ರಿಕೆಗೆ ಇದು ಮುಟ್ಟುವುದು ಜೂನ್‌ನಲ್ಲಿ, ಉಳ್ಳಾಲದಲ್ಲಿ ತೆಂಗಿನ ಮರವೋ ಮನೆಯೋ ಕಡಲಿಗೆ ಬಿದ್ದ ದಿನ. ಆಗ ಬರುವ ಫೋಟೊದಲ್ಲಿ ಮರಳಿನ ಲೆಕ್ಕ ಇರುವುದಿಲ್ಲ.

ಮದ್ದಿನ ಕಥೆಯೂ ಹಾಗೇ. ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಬಗ್ಗೆ 1910ರಲ್ಲಿ ವರದಿ ಪ್ರಕಟಿಸಿ, ಫ್ರಾನ್ಸಿನ ದ್ರಾಕ್ಷಿತೋಟದಿಂದ ಬಂದ ಬೋರ್ಡೋ ದ್ರಾವಣವನ್ನು ಶಿಫಾರಸು ಮಾಡಿದರು. ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು. ನೂರು ವರ್ಷ ದಾಟಿದರೂ ನಮ್ಮ ತೋಟದ ಬ್ಯಾರೆಲ್ಲಿನಲ್ಲಿ ಕಲಕುವುದು ಅದನ್ನೇ. ಒಂಬತ್ತನೆಯ ಮೆಟ್ಟಿಲು ಅಂದರೆ ಅದು.

ಡೆಸ್ಕು ಬಿಟ್ಟ ಮೇಲೆ, ಪೈಪು ಹತ್ತಿಸಿದ ಆ ನಾಲ್ವರಲ್ಲಿ ಒಬ್ಬನನ್ನು ಹುಡುಕಿದೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಯಂತ್ರ ಎಲ್ಲಿದೆ ಎಂದೆ. ಮೋಟಾರನ್ನು ಮರುವರ್ಷದ ಜೂನಿಯರ್‌ಗಳು ಬಿಚ್ಚಿಕೊಂಡರಂತೆ. ನಕ್ಕ. ಆಮೇಲೆ ತಡೆದು ಹೇಳಿದ: “ಸರ್, ಪ್ರದರ್ಶನಕ್ಕೆ ಮುಂಚೆಯೇ ತೋಟಕ್ಕೆ ಒಯ್ದಿದ್ವಿ. ಹಿಂದಿನ ರಾತ್ರಿ ಮಳೆ ಬಂದಿತ್ತು. ಆರಡಿ ಏರಿ ಜಾರಿತು. ಒಣ ಮರ, ಒದ್ದೆ ಮರ, ಪಾಚಿ ಹಿಡಿದ ಮರ ಮೂರರಲ್ಲೂ ಅಳೆದಿದ್ದೆವು. ರಿಪೋರ್ಟ್‌ನಲ್ಲಿ ಉಂಟು. ನೀವು ಕೇಳ್ಲಿಲ್ಲ.”

ರಿಪೋರ್ಟು ಕಾಲೇಜಿನ ಲೈಬ್ರರಿಯಲ್ಲೇ ಇತ್ತು, ಕಪ್ಪು ರಟ್ಟು, ಚಿನ್ನದ ಬಣ್ಣದ ಅಕ್ಷರ. ಐದನೇ ಅಧ್ಯಾಯದಲ್ಲಿ ಅರ್ಧ ಪುಟದ ಕೋಷ್ಟಕ. ಒದ್ದೆ ಮರದ ಸಾಲಿನ ಕೊನೆಗೆ ‘ಜಾರಿತು’, ‘ಜಾರಿತು’, ‘ನಿಂತು ಜಾರಿತು’. ನಾನು ನೋಡಿದ ಚಪ್ಪಾಳೆಯ ಪ್ರಯೋಗದ ಬಗ್ಗೆ ಇಡೀ ರಿಪೋರ್ಟಿನಲ್ಲಿ ಇದ್ದದ್ದು ಒಂದೇ ವಾಕ್ಯ.

ಆ ಪುಟದ ಫೋಟೊ ತೆಗೆದು, ವಿಟ್ಲದ ಕೃಷಿಕರಿಗೆ ವಾಟ್ಸಾಪ್ ಮಾಡಿದೆ. ಹತ್ತು ನಿಮಿಷದಲ್ಲಿ ಅವರ ಧ್ವನಿ ಸಂದೇಶ ಬಂತು, ಹಿನ್ನೆಲೆಯಲ್ಲಿ ಪಂಪಿನ ಸದ್ದು. “ಇದು ಸರಿ ಉಂಟು ಮಾರ್ರೆ. ನಮ್ಮ ಆಳುಗಳು ಏರುವಾಗ ಕಾಲಿಗೆ ಹಗ್ಗ ಹಾಕ್ತಾರಲ್ಲ, ಹಾಗೆ ಆ ಚಕ್ರಕ್ಕೆ ತೆಂಗಿನ ಹುರಿ ಸುತ್ತಿ ನೋಡಿದ್ರಾ ಅಂತ ಆ ಹುಡುಗನ ಹತ್ರ ಕೇಳಿ.”

ಪ್ರಶ್ನೆಯನ್ನು ಬೆಂಗಳೂರಿಗೆ ಕಳಿಸಿದ್ದೇನೆ.