ಗಂಡು ಮೀನಿನ ರಕ್ತದಲ್ಲಿ ಮೊಟ್ಟೆಯ ಸರಕು

ಸೈಬೀರಿಯನ್ ಸ್ಟರ್ಜನ್ ಮೀನನ್ನು ಜನ ಸಾಕುವುದು ಮುಖ್ಯವಾಗಿ ಅದರ ಮೊಟ್ಟೆಗಾಗಿ. ದುಬಾರಿ ಕ್ಯಾವಿಯರ್ ಎಂದರೆ ಅದೇ. ಹಾಗಾಗಿ ಸಾಕುವವರಿಗೆ ಹೆಣ್ಣು ಮೀನೇ ಬೇಕು. ಆದರೆ ಹೊರಗಿನಿಂದ ನೋಡಿದರೆ ಹೆಣ್ಣು ಯಾವುದು, ಗಂಡು ಯಾವುದು ಅಂತ ವರ್ಷಗಟ್ಟಲೆ ಗೊತ್ತಾಗುವುದಿಲ್ಲ. ರಕ್ತದಲ್ಲಿ ವಿಟೆಲ್ಲೋಜೆನಿನ್ ಎಂಬ ಪ್ರೋಟೀನ್ ಇದೆಯಾ ಎಂದು ನೋಡುವುದು ಒಂದು ದಾರಿ. ಅದಿದ್ದರೆ ಮೀನು ಮೊಟ್ಟೆ ಕಟ್ಟುತ್ತಿದೆ ಎಂದರ್ಥ. 1990ರ ಆಸುಪಾಸಿನಲ್ಲಿ ಫ್ರಾನ್ಸ್‌ನ ಸಂಶೋಧಕರಿಗೆ ಈ ಪ್ರೋಟೀನ್ ಗಂಡು ಸ್ಟರ್ಜನ್‌ಗಳಲ್ಲೂ ಸಿಕ್ಕಿತು, ಇನ್ನೂ ಪ್ರಾಯಕ್ಕೆ ಬಾರದ ಮೀನುಗಳಲ್ಲೂ ಸಿಕ್ಕಿತು. ಕಾರಣ ಹುಡುಕುತ್ತಾ ಹೋದವರ ಕಣ್ಣು ಬಿದ್ದದ್ದು ತೊಟ್ಟಿಗೆ ಸುರಿಯುತ್ತಿದ್ದ ಆಹಾರದ ಮೇಲೆ. ಅದರಲ್ಲಿ ಸೋಯಾ ಇತ್ತು.

ಸೋಯಾದಲ್ಲಿ ಜೆನಿಸ್ಟೀನ್, ಡೈಡ್ಜೀನ್ ಎಂಬ ವಸ್ತುಗಳಿವೆ. ಇವು ಸಸ್ಯ ಈಸ್ಟ್ರೋಜನ್‌ಗಳು. ಅಂದರೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನುಗಳಂತೆ ವರ್ತಿಸುವ ಗಿಡದ ವಸ್ತುಗಳು. ಗಿಡ ಇವನ್ನು ಮೀನಿಗೆ ತೊಂದರೆ ಕೊಡಲೆಂದು ಮಾಡುವುದಿಲ್ಲ ಬಿಡಿ. ಗಾಳಿಯ ಸಾರಜನಕವನ್ನು ಹಿಡಿದುಕೊಡುವ ರೈಜೋಬಿಯಂ ಬ್ಯಾಕ್ಟೀರಿಯಾಗಳನ್ನು ಬೇರಿನ ಹತ್ತಿರ ಕರೆಯಲು ಇವು ಬೇಕು. ಶಿಲೀಂಧ್ರಗಳನ್ನು ದೂರ ಇಡಲೂ ಇವೇ ನೆರವಾಗುತ್ತವೆ. ಬ್ಯಾಕ್ಟೀರಿಯಾಕ್ಕೆ ಕಳಿಸಿದ ಕರೆಯನ್ನು ಮೀನಿನ ಮೈ ಯಾಕೆ ಕೇಳಿಸಿಕೊಳ್ಳಬೇಕು? ಉತ್ತರ ಅಣುವಿನ ಆಕಾರದಲ್ಲಿದೆ. ಎಸ್ಟ್ರಡಯೋಲ್ ಎಂಬ ಹೆಣ್ಣು ಹಾರ್ಮೋನಿನ ಎರಡು ತುದಿಗಳಲ್ಲೂ ಆಮ್ಲಜನಕ ಮತ್ತು ಜಲಜನಕದ ಒಂದೊಂದು ಜೋಡಿ ಇದೆ. ಜೆನಿಸ್ಟೀನ್‌ನಲ್ಲೂ ಇಂಥ ಜೋಡಿಗಳು ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ ಕೂತಿವೆ. ಉಳಿದ ಮೈಕಟ್ಟು ಬೇರೆಯಾದರೂ, ಈಸ್ಟ್ರೋಜನ್ ಬಂದು ಅಂಟಿಕೊಳ್ಳುವ ರಿಸೆಪ್ಟರ್‌ಗೆ ಇಷ್ಟು ಹೋಲಿಕೆ ಸಾಕು.

ಇಂಥ ವಸ್ತುಗಳು ಪ್ರಾಣಿಯ ಮೈ ಕೆಡಿಸಬಲ್ಲವು ಎಂಬುದು ಮೊದಲು ಗೊತ್ತಾದದ್ದು ಮೀನಿನಿಂದಲ್ಲ, ಕುರಿಯಿಂದ. 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕ್ಲೋವರ್ ಮೇವು ಮೇಯ್ದ ಕುರಿಗಳು ಗಬ್ಬ ನಿಲ್ಲುವುದೇ ಕಡಿಮೆಯಾಯಿತು. ಮೇವಿನಲ್ಲಿದ್ದದ್ದೂ ಇದೇ ಗುಂಪಿನ ವಸ್ತು.

ಈಗ ಮೀನಿನ ಒಳಗೆ ಸ್ವಲ್ಪ ಇಣುಕೋಣ. ಮೊಟ್ಟೆ ಕಟ್ಟುವ ಕಾಲ ಬಂದಾಗ ಹೆಣ್ಣಿನ ಮೆದುಳು ಪಿಟ್ಯುಟರಿ ಗ್ರಂಥಿಯ ಮೂಲಕ ಅಂಡಾಶಯಕ್ಕೆ ಸುದ್ದಿ ಮುಟ್ಟಿಸುತ್ತದೆ. ಅಂಡಾಶಯ ಎಸ್ಟ್ರಡಯೋಲ್ ಬಿಡುತ್ತದೆ. ಅದು ರಕ್ತದಲ್ಲಿ ಹರಿದು ಲಿವರ್ ಸೇರಿ, ಅಲ್ಲಿನ ಜೀವಕೋಶಗಳ ರಿಸೆಪ್ಟರ್‌ಗೆ ಅಂಟಿ, ವಿಟೆಲ್ಲೋಜೆನಿನ್ ಜೀನನ್ನು ಎಬ್ಬಿಸುತ್ತದೆ. ಲಿವರ್ ಆ ಪ್ರೋಟೀನನ್ನು ರಾಶಿಗಟ್ಟಲೆ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಅದರ ಜೊತೆ ಕೊಬ್ಬು, ಕ್ಯಾಲ್ಸಿಯಂ, ರಂಜಕವೂ ಹೋಗುತ್ತವೆ. ಬೆಳೆಯುತ್ತಿರುವ ಮೊಟ್ಟೆಗಳು ಇದೆಲ್ಲವನ್ನೂ ಹೀರಿಕೊಂಡು ಹಳದಿ ಭಾಗ ಮಾಡಿಕೊಳ್ಳುತ್ತವೆ. ನಾಳೆ ಹುಟ್ಟುವ ಮರಿಯ ಮೊದಲ ಊಟ ಅದು.

ಗಂಡಿನ ಲಿವರ್‌ನಲ್ಲೂ ಇದೇ ಜೀನ್ ಇದೆ. ಎಬ್ಬಿಸುವವರಿಲ್ಲದೆ ಸುಮ್ನೆ ಮಲಗಿರುತ್ತದೆ, ಅಷ್ಟೇ. ಸೋಯಾದ ಜೆನಿಸ್ಟೀನ್ ಬಂದು ಎಬ್ಬಿಸಿದರೆ ಗಂಡಿನ ಲಿವರ್ ಕೂಡ ಕೆಲಸ ಶುರು ಮಾಡುತ್ತದೆ. ಆದರೆ ತಯಾರಾದ ಸರಕನ್ನು ಇಳಿಸಿಕೊಳ್ಳಲು ಅಂಡಾಶಯವೇ ಇಲ್ಲವಲ್ಲ! ಪ್ರೋಟೀನ್ ರಕ್ತದಲ್ಲೇ ಸುತ್ತುತ್ತಿರುತ್ತದೆ. ಬೆಳೆಯಲು, ವೀರ್ಯ ತಯಾರಿಸಲು ಬೇಕಾದ ಶಕ್ತಿ ಇಲ್ಲಿ ಪೋಲಾಗುತ್ತದೆ. ರಕ್ತದಲ್ಲಿ ಅದು ತೀರಾ ಜಾಸ್ತಿಯಾದರೆ ಮೂತ್ರಪಿಂಡಕ್ಕೂ ಪೆಟ್ಟು.

ಜೆನಿಸ್ಟೀನ್ ದುರ್ಬಲ ಈಸ್ಟ್ರೋಜನ್ ಎಂಬುದು ನಿಜ. ಮೀನಿನ ಲಿವರ್ ಕೋಶಗಳ ಮೇಲೆ ಅದರ ಕಸುವು ಎಸ್ಟ್ರಡಯೋಲ್‌ಗಿಂತ ಸಾವಿರಾರು ಪಟ್ಟು ಕಡಿಮೆ. ಹಾಗಿದ್ದರೆ ಭಯ ಯಾಕೆ ಅನ್ನಿಸಬಹುದು, ಅಲ್ವಾ? ಲೆಕ್ಕ ಬೇರೆಯೇ ಇದೆ. ರಕ್ತದಲ್ಲಿ ಎಸ್ಟ್ರಡಯೋಲನ್ನು ಅಳೆಯುವುದು ನ್ಯಾನೋಗ್ರಾಂನಲ್ಲಿ. ಒಂದು ಗ್ರಾಂ ಸೋಯಾಕಾಳಿನಲ್ಲಿ ಈ ಗುಂಪಿನ ವಸ್ತುಗಳು ಸುಮಾರು 1ರಿಂದ 3 ಮಿಲಿಗ್ರಾಂ ಇರುತ್ತವೆ. ಒಂದು ಮಿಲಿಗ್ರಾಂ ಎಂದರೆ ಹತ್ತು ಲಕ್ಷ ನ್ಯಾನೋಗ್ರಾಂ. ತಿಂದದ್ದೆಲ್ಲ ರಕ್ತ ಸೇರುವುದಿಲ್ಲ, ಸೇರಿದ್ದನ್ನೂ ಲಿವರ್ ಬೇಗ ಹೊರಹಾಕುತ್ತದೆ. ಆದರೆ ತೊಟ್ಟಿಯ ಮೀನಿಗೆ ತಿಂಗಳಾನುಗಟ್ಟಲೆ ದಿನವೂ ಅದೇ ಊಟ. ಹನಿ ಹನಿ ಕೂಡಿದರೆ ಹಳ್ಳ.

ಎಲ್ಲ ಮೀನಿಗೂ ಒಂದೇ ನ್ಯಾಯ ಅಂತಲೂ ಇಲ್ಲ. ಜೆನಿಸ್ಟೀನ್ ಕೊಟ್ಟಾಗ ರೇನ್‌ಬೋ ಟ್ರೌಟ್‌ಗಿಂತ ಸ್ಟರ್ಜನ್ ಜೋರಾಗಿ ಪ್ರತಿಕ್ರಿಯಿಸುತ್ತದೆ. ವಯಸ್ಸೂ ಮುಖ್ಯ. ಮೊಟ್ಟೆಯೊಡೆದು ಬಂದ ಹೊಸದರಲ್ಲಿ ಅನೇಕ ಮೀನುಗಳ ಲಿಂಗ ಇನ್ನೂ ಗಟ್ಟಿಯಾಗಿ ನಿಂತಿರುವುದಿಲ್ಲ. ಹಾರ್ಮೋನ್ ಆಚೀಚೆಯಾದರೆ ಅದೂ ವಾಲುತ್ತದೆ. ಮೆಡಾಕ ಎಂಬ ಪುಟ್ಟ ಜಪಾನಿ ಮೀನಿನ ಮರಿಗಳನ್ನು ಈಕ್ವಾಲ್ ಬೆರೆಸಿದ ನೀರಿನಲ್ಲಿ ಬೆಳೆಸಿದಾಗ ಕೆಲವು ಗಂಡುಗಳ ವೃಷಣದೊಳಗೇ ಮೊಟ್ಟೆಕೋಶಗಳು ಕಾಣಿಸಿಕೊಂಡವು. ಈಕ್ವಾಲ್ ಎಂದರೆ ಕರುಳಿನ ಬ್ಯಾಕ್ಟೀರಿಯಾಗಳು ಡೈಡ್ಜೀನನ್ನು ಒಡೆದಾಗ ಸಿಗುವ ವಸ್ತು. ಸದಾ ಜಗಳಕ್ಕೆ ನಿಲ್ಲುವ ಸಯಾಮೀಸ್ ಫೈಟರ್ ಮೀನಿನ ಗಂಡುಗಳು ಕೂಡ ಇಂಥ ನೀರಿನಲ್ಲಿ ಮೆತ್ತಗಾದದ್ದುಂಟು.

ಇಷ್ಟು ಓದಿ, ಗಿಡದ ವಸ್ತು ಮೀನನ್ನು ಹೆಣ್ಣಾಗಿಸುತ್ತದೆ ಎಂದು ಒಂದೇ ಗೆರೆ ಎಳೆದುಬಿಡಬೇಡಿ. ಟೆಸ್ಟೋಸ್ಟಿರೋನ್ ಎಂಬ ಗಂಡು ಹಾರ್ಮೋನನ್ನು ಎಸ್ಟ್ರಡಯೋಲ್ ಆಗಿ ಬದಲಿಸುವ ಅರೋಮಟೇಸ್ ಎಂಬ ಕಿಣ್ವವನ್ನೇ ತಡೆಯುವ ಸಸ್ಯವಸ್ತುಗಳೂ ಇವೆ. ಆಗ ಪರಿಣಾಮ ತಿರುಗುಮುರುಗು. ಮರದಲ್ಲಿರುವ ಬೀಟಾ ಸಿಟೋಸ್ಟಿರಾಲ್ ಎಂಬ ಸಸ್ಯ ಸ್ಟಿರಾಲ್ (ಕೊಬ್ಬಿನಂಥ ವಸ್ತು) ಗೋಲ್ಡ್‌ಫಿಶ್ ಗಂಡಿನ ಟೆಸ್ಟೋಸ್ಟಿರೋನನ್ನು ಇಳಿಸುತ್ತದೆ. ಆದರೆ ಫ್ಲಾರಿಡಾದ ಒಂದು ಹೊಳೆಯಲ್ಲಿ ಆದದ್ದೇ ಬೇರೆ. ಅಲ್ಲಿ ಕಾಗದ ಕಾರ್ಖಾನೆಯಿಂದ ಕೆಳಕ್ಕೆ ಹರಿಯುವ ನೀರಿನಲ್ಲಿದ್ದ ಗ್ಯಾಂಬೂಸಿಯಾ ಎಂಬ ಪುಟ್ಟ ಮೀನಿನ ಹೆಣ್ಣುಗಳಿಗೆ ಗಂಡಿನ ಅಂಗವೇ ಬೆಳೆದಿತ್ತು. ಈ ಜಾತಿಯ ಗಂಡಿಗೆ ಹೊಟ್ಟೆಯ ಕೆಳಗಿನ ಒಂದು ರೆಕ್ಕೆ ಉದ್ದವಾಗಿ, ಕಡ್ಡಿಯಂತಾಗಿ, ಕೂಡುವುದಕ್ಕೆ ನೆರವಾಗುತ್ತದೆ. ಅದೇ ಕಡ್ಡಿ ಹೆಣ್ಣುಗಳಲ್ಲೂ ಇತ್ತು. 1980ರಲ್ಲಿ ಇದು ವರದಿಯಾಯಿತು. ಮರದ ತಿರುಳಿನಿಂದ ಬಂದ ಸಸ್ಯ ಸ್ಟಿರಾಲ್‌ಗಳನ್ನು ಬ್ಯಾಕ್ಟೀರಿಯಾಗಳು ಗಂಡು ಹಾರ್ಮೋನಿನಂಥ ವಸ್ತುಗಳಾಗಿ ಬದಲಿಸಬಲ್ಲವು ಎಂಬುದನ್ನು ಆಮೇಲೆ ಪ್ರಯೋಗಾಲಯದಲ್ಲಿ ತೋರಿಸಲಾಯಿತು.

ಸೋಯಾವನ್ನು ಮೀನಿನ ಆಹಾರದಿಂದ ಕಿತ್ತುಹಾಕುವುದು ನನಗೆ ಜಾಣತನ ಅನ್ನಿಸುವುದಿಲ್ಲ. ಅದರ ಬದಲು ಮೀನುಹಿಟ್ಟು ಹಾಕಬೇಕೆಂದರೆ ಸಮುದ್ರದಿಂದ ಸಣ್ಣ ಮೀನುಗಳನ್ನು ಬಾಚಬೇಕು. ಆಲ್ಕೋಹಾಲ್‌ನಲ್ಲಿ ತೊಳೆದು ತಯಾರಿಸುವ ಸೋಯಾ ಪ್ರೋಟೀನ್‌ನಲ್ಲಿ ಜೆನಿಸ್ಟೀನ್, ಡೈಡ್ಜೀನ್ ಬಹುಪಾಲು ಹೊರಟುಹೋಗಿರುತ್ತವೆ. ಸಾಮಾನ್ಯ ಸೋಯಾ ಹಿಂಡಿಗಿಂತ ಇದಕ್ಕೆ ದುಡ್ಡು ಜಾಸ್ತಿ. ಹಾಗಾಗಿ ಮಾಂಸಕ್ಕೆಂದು ಬೆಳೆಸುವ ಮೀನಿಗೆ ಹಿಂಡಿ ಹಾಕಿ, ಮರಿಗಳಿಗೂ ತಳಿಗೆಂದು ಇಟ್ಟುಕೊಂಡ ಮೀನುಗಳಿಗೂ ಮಾತ್ರ ತೊಳೆದ ಸೋಯಾ ಕೊಟ್ಟರೆ ಖರ್ಚೂ ಹಿಡಿತದಲ್ಲಿರುತ್ತದೆ.